ದೂರು ಗೋಡೆ ದಾಟಬೇಕು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಬ್ಲಿನ್ ಎಂಬ ಊರಿದೆ. ಅಲ್ಲಿ ಕೇಂದ್ರ ಸರ್ಕಾರದ ಮಹಿಳಾ ಜೈಲೊಂದಿತ್ತು. ಬಂದಿಗಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯದಂತೆ ತಡೆಯುವ ನಿಯಮಗಳೆಲ್ಲ ಅಲ್ಲಿದ್ದವು. ಸಿಬ್ಬಂದಿಗೆ ತರಬೇತಿಯಾಗುತ್ತಿತ್ತು, ತಪಾಸಕರು ಬಂದು ಎಲ್ಲ ಸರಿಯಿದೆ ಎಂದು ಬರೆದುಕೊಟ್ಟಿದ್ದರು. ಆ ತರಬೇತಿಯ ಹೊಣೆ ಹೊತ್ತಿದ್ದ ರೇ ಗಾರ್ಸಿಯಾ ಮುಂದೆ ಜೈಲಿನ ಮುಖ್ಯಸ್ಥನೂ ಆದ. 2022ರ ಡಿಸೆಂಬರಿನಲ್ಲಿ, ಬಂದಿ ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವನು ಅವನೇ ಎಂದು ನ್ಯಾಯಾಲಯ ತೀರ್ಪಿತ್ತಿತು. ಮರುವರ್ಷ 70 ತಿಂಗಳ ಸಜೆಯಾಯಿತು. ಅದೇ ಜೈಲಿನ ಪಾದ್ರಿಗೆ 84 ತಿಂಗಳ ಸಜೆ.

ನಿಯಮವಿದ್ದೂ ಹೀಗೇಕಾಯಿತು? ಜೈಲು ನೀತಿ ರೂಪಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಒಪ್ಪಿಗೆಯ ಮಾತೇ ಇಲ್ಲ

ಬಂದಿಯೊಬ್ಬಳು ಎಷ್ಟು ಹೊತ್ತಿಗೆ ಉಣ್ಣಬೇಕು, ಯಾವ ಕೋಣೆಯಲ್ಲಿ ಮಲಗಬೇಕು, ಮಗುವಿನ ಜೊತೆ ಫೋನಿನಲ್ಲಿ ಮಾತಾಡಬಹುದೇ ಎಂಬುದೆಲ್ಲ ಸಿಬ್ಬಂದಿಯ ಕೈಯಲ್ಲಿರುತ್ತದೆ. ಅಂಥ ಕಡೆ ಆಕೆ ‘ಹೂಂ’ ಎಂದರೂ ಅದು ಸ್ವತಂತ್ರ ಮನಸ್ಸಿನ ಮಾತಾಗದು. ಆದ್ದರಿಂದಲೇ ಅಮೆರಿಕದ ಕೇಂದ್ರ ಕಾನೂನಿನಲ್ಲಿ, ಬಂದಿಯೊಡನೆ ಸಿಬ್ಬಂದಿ ನಡೆಸುವ ಲೈಂಗಿಕ ಕ್ರಿಯೆ ಅಪರಾಧವೇ. ‘ಅವಳೇ ಒಪ್ಪಿದ್ದಳು’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಒಳ್ಳೆಯ ನೀತಿಯ ಮೊದಲ ಸಾಲು ಇದೇ ಆಗಿರಬೇಕು.

ಕಾಗದದ ಮೇಲಿನ ಕೋಟೆ

2003ರಲ್ಲಿ ಅಮೆರಿಕ ‘ಪ್ರಿಸನ್ ರೇಪ್ ಎಲಿಮಿನೇಷನ್ ಆಕ್ಟ್’ ಎಂಬ ಕಾಯ್ದೆ ತಂದಿತು. ಅದರಡಿ 2012ರಲ್ಲಿ ವಿವರವಾದ ಮಾನದಂಡಗಳು ಬಂದವು. ನೇಮಕಕ್ಕೆ ಮುಂಚೆ ಅಭ್ಯರ್ಥಿಯ ಪೂರ್ವಾಪರ ವಿಚಾರಿಸಬೇಕು. ಬಂದಿಗಳು ಸ್ನಾನ ಮಾಡುವಾಗ, ಬಟ್ಟೆ ಬದಲಿಸುವಾಗ ಬೇರೆ ಲಿಂಗದ ಸಿಬ್ಬಂದಿಯ ಕಣ್ಣು ಬೀಳಬಾರದು. ಇಲಾಖೆಗೆ ಹೊರತಾದ ಸಂಸ್ಥೆಗೆ ದೂರು ಮುಟ್ಟಿಸುವ ಒಂದು ದಾರಿಯಾದರೂ ಇರಬೇಕು. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆಯೇ ಎಂದು ಕನಿಷ್ಠ 90 ದಿನ ನಿಗಾ ಇಡಬೇಕು. ಪ್ರತಿ ಜೈಲಿಗೂ ಮೂರು ವರ್ಷಕ್ಕೊಮ್ಮೆ ತಪಾಸಣೆಯಾಗಬೇಕು. ಪಾಲಿಸದ ರಾಜ್ಯ ಕೆಲವು ಕೇಂದ್ರ ಅನುದಾನಗಳಲ್ಲಿ ಶೇ. 5ರಷ್ಟನ್ನು ಕಳೆದುಕೊಳ್ಳಬಹುದು.

ಇಷ್ಟೆಲ್ಲ ಇದ್ದೂ ಬಿರುಕು ಎಲ್ಲಿತ್ತೆಂಬುದನ್ನು 2022ರ ಡಿಸೆಂಬರಿನಲ್ಲಿ ಸೆನೆಟ್ ಉಪಸಮಿತಿಯ ವರದಿ ಬಿಡಿಸಿಟ್ಟಿತು. ಹಿಂದಿನ ಹತ್ತು ವರ್ಷಗಳಲ್ಲಿ ಮಹಿಳೆಯರನ್ನು ಇರಿಸಿದ್ದ ಕೇಂದ್ರ ಜೈಲುಗಳ ಪೈಕಿ ಮೂರರಲ್ಲಿ ಎರಡು ಪಾಲಿನಲ್ಲಾದರೂ ಸಿಬ್ಬಂದಿಯಿಂದ ದೌರ್ಜನ್ಯ ನಡೆದಿತ್ತು. ಫ್ಲಾರಿಡಾದ ಕೋಲ್‌ಮನ್ ಜೈಲಿನಲ್ಲಂತೂ 2021ರಲ್ಲಿ ತಪಾಸಕರು ಬರುವುದಕ್ಕೆ ಎರಡು ದಿನ ಮುಂಚೆ ಮಹಿಳಾ ಬಂದಿಗಳೆಲ್ಲರನ್ನೂ ಬೇರೆಡೆಗೆ ಸಾಗಿಸಲಾಗಿತ್ತು. ತಪಾಸಕರು ಮಾತಾಡಿಸಲು ಹೆಣ್ಣು ಬಂದಿ ಒಬ್ಬಳೂ ಉಳಿದಿರಲಿಲ್ಲ.

ಅದೇ ಜೈಲಿನ ಆರು ಮಂದಿ ನೌಕರರು ಇಲಾಖಾ ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡಿದ್ದರು. ಆದರೂ ಒಬ್ಬರ ಮೇಲೂ ಮೊಕದ್ದಮೆ ಹೂಡಲಾಗಲಿಲ್ಲ. ನೌಕರಿಯ ಒತ್ತಾಯದಡಿ ಕೊಟ್ಟ ಹೇಳಿಕೆಯನ್ನು ಕ್ರಿಮಿನಲ್ ಪ್ರಕರಣದಲ್ಲಿ ಬಳಸುವಂತಿಲ್ಲವೆಂಬ ನಿಯಮ ಅಡ್ಡ ಬಂದಿತ್ತು. ಇಲಾಖಾ ವಿಚಾರಣೆ ಕ್ರಿಮಿನಲ್ ತನಿಖೆಗಿಂತ ಮುಂಚೆ ನಡೆದರೆ ಸಾಕು, ತಪ್ಪೊಪ್ಪಿಗೆಯೇ ತಪ್ಪಿತಸ್ಥನಿಗೆ ರಕ್ಷಣೆಯಾಗಿಬಿಡುತ್ತದೆ. ಹಾಗಾಗಿ ದೂರು ಬಂದ ಕೂಡಲೇ ಹೊರಗಿನ ಕ್ರಿಮಿನಲ್ ತನಿಖಾಧಿಕಾರಿಗೆ ತಿಳಿಸಬೇಕು. ಅವರೊಡನೆ ಸಮಾಲೋಚಿಸದೆ ಇಲಾಖೆ ಆರೋಪಿಯ ಹೇಳಿಕೆ ಪಡೆಯಬಾರದು.

ಡಬ್ಲಿನ್‌ನಲ್ಲಿ ಬಾಯಿ ಬಿಟ್ಟ ಮಹಿಳೆಯರು ಏಕಾಂತ ಕೋಣೆಗೋ ದೂರದ ಜೈಲಿಗೋ ಹೋಗಬೇಕಾದೀತೆಂಬ ಭಯದಲ್ಲಿದ್ದರು. ರಕ್ಷಣೆಯ ಹೆಸರಿನಲ್ಲಿ ಒಂಟಿಯಾಗಿ ಇರಿಸುವುದೂ ಬಂದಿಯ ಪಾಲಿಗೆ ಶಿಕ್ಷೆಯೇ. ಜಾಗ ಬದಲಾಯಿಸಬೇಕಾದದ್ದು ಆರೋಪಿ ನೌಕರನನ್ನು, ದೂರು ಕೊಟ್ಟವರನ್ನಲ್ಲ. 2024ರ ಏಪ್ರಿಲ್‌ನಲ್ಲಿ ಆ ಜೈಲನ್ನೇ ಮುಚ್ಚಿದರು. ಅದೇ ವರ್ಷದ ಕೊನೆಗೆ 103 ಮಹಿಳೆಯರಿಗೆ ಸುಮಾರು 11.6 ಕೋಟಿ ಡಾಲರ್ ಪರಿಹಾರ ಕೊಡಲು ಸರ್ಕಾರ ಒಪ್ಪಿಕೊಂಡಿತು.

ನಮ್ಮ ಕಾನೂನು ಏನನ್ನುತ್ತದೆ?

ವಶದಲ್ಲಿರುವವರ ಒಪ್ಪಿಗೆಗೆ ಅರ್ಥವಿಲ್ಲವೆಂಬ ಅರಿವು ಭಾರತದಲ್ಲಿ ಹೋರಾಟದಿಂದ ಬಂತು. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ನಡೆದ, ಮಥುರಾ ಎಂಬ ಹುಡುಗಿಯ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆರೋಪಿ ಪೊಲೀಸರನ್ನು ಬಿಡುಗಡೆ ಮಾಡಿದಾಗ ದೇಶವೇ ಸಿಡಿದೆದ್ದಿತು. ಅದರ ಫಲವಾಗಿ 1983ರಲ್ಲಿ ಕಾನೂನು ತಿದ್ದುಪಡಿಯಾಗಿ, ಜೈಲು ಸಿಬ್ಬಂದಿ ಎಸಗುವ ಅತ್ಯಾಚಾರ ಪ್ರತ್ಯೇಕ ಅಪರಾಧವಾಯಿತು. ಈಗ ಭಾರತೀಯ ನ್ಯಾಯ ಸಂಹಿತೆಯ 64ನೇ ಕಲಮಿನಡಿ ಇದಕ್ಕೆ ಕನಿಷ್ಠ 10 ವರ್ಷ ಕಠಿಣ ಸಜೆ. ಅತ್ಯಾಚಾರದ ವ್ಯಾಖ್ಯೆಗೆ ಬರದಿದ್ದರೂ, ಹುದ್ದೆಯ ಬಲದಿಂದ ಬಂದಿಯನ್ನು ಪುಸಲಾಯಿಸಿ ಸಂಭೋಗ ನಡೆಸಿದರೆ 68ನೇ ಕಲಮಿನಡಿ 5ರಿಂದ 10 ವರ್ಷ. ಆದರೆ ಈ ಎರಡೂ ಕಲಮುಗಳು ಕಾಯುವುದು ಮಹಿಳೆಯರನ್ನು ಮಾತ್ರ. ಪುರುಷ ಬಂದಿಗಳು ಅವುಗಳ ಹೊರಗೇ ಉಳಿದಿದ್ದಾರೆ. ಅಮೆರಿಕದ ಕಾಯ್ದೆಯಲ್ಲಿ ಈ ಭೇದವಿಲ್ಲ.

ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳ 81ನೆಯದು, ಮಹಿಳಾ ಬಂದಿಗಳ ಉಸ್ತುವಾರಿ ಮಹಿಳಾ ಸಿಬ್ಬಂದಿಯದೇ ಆಗಿರಬೇಕು, ಜೊತೆಗೆ ಮಹಿಳಾ ಸಿಬ್ಬಂದಿ ಇಲ್ಲದೆ ಪುರುಷ ಸಿಬ್ಬಂದಿ ಮಹಿಳಾ ವಿಭಾಗಕ್ಕೆ ಕಾಲಿಡಬಾರದು ಎನ್ನುತ್ತದೆ. ಆದರೆ ಇಂಥ ನಿಯಮ ಹುದ್ದೆಗಳು ಭರ್ತಿಯಾಗಿದ್ದರೆ ಮಾತ್ರ ನಡೆಯುತ್ತದೆ. ರಾತ್ರಿ ಪಾಳಿಗೆ ಮಹಿಳಾ ಸಿಬ್ಬಂದಿಯೇ ಇಲ್ಲವೆಂದರೆ ನಿಯಮ ಪಾಲಿಸುವವರು ಯಾರು?

ನೀತಿಯೊಂದನ್ನು ಅಳೆಯಲು ಈ ನಾಲ್ಕು ಪ್ರಶ್ನೆ ಸಾಕು. ಆರೋಪಿ ಜೈಲಿನ ಮುಖ್ಯಸ್ಥನೇ ಆಗಿದ್ದರೆ ದೂರು ಯಾರಿಗೆ ಹೋಗುತ್ತದೆ? ಅದು ಅವನ ಕೈಗೆ ಸಿಗದಂತೆ ಹೇಗೆ ಹೋಗುತ್ತದೆ? ತಪಾಸಕರು ಹೇಳದೆ ಕೇಳದೆ ಬಂದು ಬಂದಿಗಳನ್ನು ಏಕಾಂತದಲ್ಲಿ ಮಾತಾಡಿಸಬಹುದೇ? ದೂರು ಕೊಟ್ಟವಳು ಮರುದಿನವೂ ತನ್ನ ಬ್ಯಾರಕ್ಕಿನಲ್ಲೇ, ತನ್ನ ಕೆಲಸದಲ್ಲೇ, ತನ್ನ ಭೇಟಿಯ ಹಕ್ಕಿನೊಡನೆ ಇರುತ್ತಾಳೆಯೇ? ಇವುಗಳಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಆ ನೀತಿಯನ್ನು ಮತ್ತೆ ಬರೆಯಬೇಕು.