ನೂರಕ್ಕೆ ನೂರರ ಹಟ: ನಮ್ಮ ನಂಬಿಕೆಗಳು ಮತ್ತು ವಾಸ್ತವ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ 625ಕ್ಕೆ 625 ಪಡೆದವರ ಫೋಟೊಗಳು ಪತ್ರಿಕೆಯ ಮುಖಪುಟ ತುಂಬುತ್ತವೆ. ಆ ಮಕ್ಕಳ ಶ್ರಮ ದೊಡ್ಡದು, ಸಂಶಯವಿಲ್ಲ. ಅದೇ ಹೊತ್ತಿಗೆ 610 ಬಂತೆಂದು ಊಟ ಬಿಟ್ಟು, ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವ ಮಕ್ಕಳೂ ಇದ್ದಾರೆ. ಕೈತಪ್ಪಿದ 15 ಅಂಕಗಳ ಹೊರತು ಅವರಿಗೆ ಇನ್ನೇನೂ ಕಾಣುವುದಿಲ್ಲ.

ಈ ಮನಸ್ಥಿತಿಯನ್ನು ಮನಶ್ಶಾಸ್ತ್ರ ಪರಿಪೂರ್ಣತಾವಾದ ಎನ್ನುತ್ತದೆ. ಹಾಗಿರುವವರನ್ನು ನಾವು ‘ಪರ್ಫೆಕ್ಷನಿಸ್ಟ್’ ಎಂದು ಕರೆಯುತ್ತೇವೆ, ಬಹುಪಾಲು ಮೆಚ್ಚುಗೆಯಿಂದಲೇ. ಕೆನಡಾ, ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳ ವಿಶ್ವವಿದ್ಯಾಲಯಗಳಲ್ಲಿ ಮೂವತ್ತು ವರ್ಷಗಳಿಗೂ ಮೀರಿ ಇದರ ಅಧ್ಯಯನ ನಡೆದಿದೆ. ಅಲ್ಲಿ ಕಂಡುಬಂದದ್ದಕ್ಕೂ ನಮ್ಮ ಮನೆಗಳಲ್ಲಿ ಬೇರೂರಿದ ನಂಬಿಕೆಗಳಿಗೂ ಬಹಳ ಅಂತರವಿದೆ.

ತಪ್ಪು ಕಲ್ಪನೆ 1: ಪರ್ಫೆಕ್ಷನಿಸ್ಟ್ ಎಂದರೆ ಎಲ್ಲವನ್ನೂ ಚೆನ್ನಾಗಿ ಮಾಡಬೇಕೆನ್ನುವವರು, ಅಷ್ಟೇ.

ವಾಸ್ತವ: ಚೆನ್ನಾಗಿ ಮಾಡಬೇಕೆಂಬ ಆಸೆ ಒಂದು, ಒಂದು ತಪ್ಪೂ ಆಗಕೂಡದೆಂಬ ಹಟ ಇನ್ನೊಂದು. ಒಟ್ಟಾವಾ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಗೋದ್ರೋ ಇವೆರಡನ್ನೂ ಬಿಡಿಸಿ ಅಳೆಯಬೇಕೆಂದು 2019ರಲ್ಲಿ ವಾದಿಸಿದರು. ಮೊದಲನೆಯವರ ಗುರಿ ಎತ್ತರದ್ದಾದರೂ ಕೈಗೆಟುಕುವಂಥದ್ದು. ಅದನ್ನು ತಲುಪಿದಾಗ ಸಂತೋಷಪಡುವುದು ಅವರಿಗೆ ಗೊತ್ತು. ಎರಡನೆಯವರಿಗೆ 98 ಬಂದರೂ ಸೋತಂತೆಯೇ. ಅವರ ಮನಸ್ಸಿನಲ್ಲಿ ಅಂಕಕ್ಕೂ ತಮ್ಮ ಯೋಗ್ಯತೆಗೂ ಗಂಟು ಬಿದ್ದಿರುತ್ತದೆ. ‘ಪರೀಕ್ಷೆ ಕೆಟ್ಟಿತು’ ಎಂಬಲ್ಲಿಗೆ ನಿಲ್ಲಬೇಕಾದ ಮಾತು ‘ನಾನೇ ಕೆಟ್ಟವಳು’ ಎಂಬಲ್ಲಿಗೆ ಹೋಗಿ ಮುಟ್ಟುತ್ತದೆ. ಅಪಾಯ ಇರುವುದು ಈ ಗಂಟಿನಲ್ಲಿ. ಗುರಿಯ ಎತ್ತರವನ್ನು ದೂರಿ ಫಲವಿಲ್ಲ.

ತಪ್ಪು ಕಲ್ಪನೆ 2: ಅದು ಹುಟ್ಟುಗುಣ. ಕೆಲವರು ಇರುವುದೇ ಹಾಗೆ.

ವಾಸ್ತವ: ಹುಟ್ಟಿನ ಪಾಲೂ ಸ್ವಲ್ಪ ಇದೆ. ಆದರೆ ಅದೊಂದೇ ಕಾರಣವಲ್ಲ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಹೆವಿಟ್ ಮತ್ತು ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಗಾರ್ಡನ್ ಫ್ಲೆಟ್ 1991ರಲ್ಲಿ 45 ಪ್ರಶ್ನೆಗಳ ಒಂದು ಮಾಪಕವನ್ನು ಪ್ರಕಟಿಸಿದರು. ಅದು ಮೂರು ಬಗೆಯನ್ನು ಗುರುತಿಸುತ್ತದೆ: ತನ್ನಿಂದಲೇ ಪರಿಪೂರ್ಣತೆ ಬೇಡುವುದು, ಸುತ್ತಲಿನವರಿಂದ ಬೇಡುವುದು, ಸುತ್ತಲಿನವರು ತನ್ನಿಂದ ಅದನ್ನೇ ಬೇಡುತ್ತಿದ್ದಾರೆ ಎಂದು ನಂಬುವುದು. ಯುವಜನರ ನೆಮ್ಮದಿಯನ್ನು ಹೆಚ್ಚು ಕದಡುವುದು ಮೂರನೆಯದು. ‘ನಾನು ಎಡವಿದರೆ ಇವರಿಗೆ ಬೇಡವಾಗುತ್ತೇನೆ’ ಎಂಬ ಭಯ ಅದರ ಜೊತೆಗೇ ಬರುತ್ತದೆ.

ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಎಂಬ ಬ್ರಿಟನ್ನಿನ ಸಂಶೋಧಕರು ಇದೇ ಮಾಪಕ ಬಳಸಿದ ಹಳೆಯ, ಹೊಸ ಅಧ್ಯಯನಗಳನ್ನು ಕಲೆಹಾಕಿದರು. ಅಮೆರಿಕ, ಕೆನಡಾ, ಬ್ರಿಟನ್ನುಗಳ 41,641 ಕಾಲೇಜು ವಿದ್ಯಾರ್ಥಿಗಳ ಉತ್ತರಗಳು ಅದರಲ್ಲಿದ್ದವು. 1989ರಿಂದ 2016ರ ನಡುವೆ ಮೂರೂ ಬಗೆಗಳು ಏರಿದ್ದವು: ಮೊದಲನೆಯದು ಶೇ 10, ಎರಡನೆಯದು ಶೇ 16, ಮೂರನೆಯದು ಶೇ 33. ಒಂದು ತಲೆಮಾರಿನೊಳಗೆ ಮನುಷ್ಯರ ಹುಟ್ಟುಗುಣ ಇಷ್ಟು ಬದಲಾಗದು. ಬದಲಾದದ್ದು ಅವರು ಬೆಳೆದ ಪರಿಸರ. ಇವು ಮೂರು ದೇಶಗಳ ಅಂಕಿಗಳು, ನಮ್ಮ ಮಕ್ಕಳಿಗೆ ಹಾಗೆಹಾಗೇ ಹೊಂದಿಸಲಾಗದು ನಿಜ. ಆದರೆ ಸ್ಪರ್ಧೆ ಬಿಗಿಯಾದಂತೆ ಮಕ್ಕಳ ಮನಸ್ಸೂ ಬಿಗಿಯುತ್ತದೆ ಎಂಬ ಎಚ್ಚರಿಕೆ ನೀಟ್, ಸಿಇಟಿ, ಜೆಇಇಗಳ ನಡುವೆ ಬದುಕುವ ನಮಗೂ ಬೇಕು.

ತಪ್ಪು ಕಲ್ಪನೆ 3: ಹಾಗಾದರೆ ತಪ್ಪೆಲ್ಲ ಅಪ್ಪ ಅಮ್ಮಂದಿರದು.

ವಾಸ್ತವ: ಅಮೆರಿಕದ ಸ್ಮಿತ್ ಕಾಲೇಜಿನ ರ್‍ಯಾಂಡಿ ಫ್ರಾಸ್ಟ್ 1990ರಲ್ಲಿ ರೂಪಿಸಿದ ಮಾಪಕದಲ್ಲಿ ಹೆತ್ತವರ ನಿರೀಕ್ಷೆ ಮತ್ತು ಹೆತ್ತವರ ಟೀಕೆ ಎಂಬ ಎರಡು ಅಂಶಗಳಿವೆ. ಇವೆರಡೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ ಎಂದು ವಿದ್ಯಾರ್ಥಿಗಳಿಗೆ ಅನಿಸುತ್ತಿರುವುದನ್ನು ಕರನ್ ಮತ್ತು ಹಿಲ್ 2022ರಲ್ಲಿ ತೋರಿಸಿದರು. ಆದರೂ ಅವರು ಹೆತ್ತವರನ್ನು ಕಟಕಟೆಗೆ ಎಳೆಯಲಿಲ್ಲ. ಸೀಟು ಕಡಿಮೆ, ಕೆಲಸ ಕಡಿಮೆ, ಇರುವವರಿಗೂ ಇಲ್ಲದವರಿಗೂ ಅಂತರ ಹೆಚ್ಚು. ಇಂಥ ಸಮಾಜದಲ್ಲಿ ಮಗು ಹಿಂದೆ ಬಿದ್ದೀತೆಂಬ ಹೆತ್ತವರ ಆತಂಕ ಸಹಜವೇ. ಹೊರಗಿನ ಒತ್ತಡ ಅವರ ಬಾಯಿಂದ ಮಾತಾಗಿ ಬರುತ್ತದೆ. ಆ ಒತ್ತಡವನ್ನು ಅವರು ಹುಟ್ಟಿಸಲಿಲ್ಲ. ಆದರೆ ಅದು ಮಗುವಿನ ಮೇಲೆ ಎಷ್ಟು ಬೀಳಬೇಕೆಂಬುದು ಮಾತ್ರ ಬಹುಮಟ್ಟಿಗೆ ಅವರ ಕೈಯಲ್ಲೇ ಇದೆ.

ತಪ್ಪು ಕಲ್ಪನೆ 4: ಈ ಹಟ ಇದ್ದವರೇ ಮುಂದೆ ಬರುವುದು.

ವಾಸ್ತವ: ಬಹಳ ಜನ ಈ ನಂಬಿಕೆಯನ್ನು ಬಿಡಲೊಲ್ಲರು. ಶಾಲೆ ಕಾಲೇಜುಗಳ ಅಧ್ಯಯನಗಳಲ್ಲಿ ಎತ್ತರದ ಗುರಿ ಇಟ್ಟುಕೊಳ್ಳುವುದಕ್ಕೂ ಒಳ್ಳೆಯ ಅಂಕಕ್ಕೂ ನಂಟು ಕಂಡಿದೆ. ತಪ್ಪಿನ ಭಯ, ಪರರ ತೀರ್ಪಿನ ಭಯ ಹೆಚ್ಚಿದ್ದವರ ಅಂಕ ಮಾತ್ರ ತುಸು ಕಡಿಮೆಯೇ. ಯಾರ್ಕ್ ಸೇಂಟ್ ಜಾನ್ ವಿಶ್ವವಿದ್ಯಾಲಯದ ಡೇನಿಯಲ್ ಮ್ಯಾಡಿಗನ್ 2019ರ ವಿಶ್ಲೇಷಣೆಯಲ್ಲಿ ಕಂಡದ್ದು ಇದನ್ನೇ. ಎಂದರೆ, ಅಂಕ ತರುವುದು ಗುರಿ ಮತ್ತು ಶ್ರಮ, ಭಯದಿಂದ ಲಾಭವಿಲ್ಲ.

ನೌಕರಿಯಲ್ಲಿ? 95 ಅಧ್ಯಯನಗಳನ್ನು, ಸುಮಾರು 25,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದರಲ್ಲಿ ಪರ್ಫೆಕ್ಷನಿಸ್ಟರ ಕೆಲಸದ ಗುಣಮಟ್ಟ ಉಳಿದವರಿಗಿಂತ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ದುಡಿದು ಬಸವಳಿಯುವುದು, ಒತ್ತಡ, ಆತಂಕಗಳು ಮಾತ್ರ ಅವರಲ್ಲಿ ಹೆಚ್ಚಿದ್ದವು. ಹೊಸದನ್ನು ಯೋಚಿಸುವ ಪರೀಕ್ಷೆಗಳಲ್ಲೂ ಪರಿಪೂರ್ಣತೆ ಬಯಸಿದವರಿಗಿಂತ ಉತ್ತಮವಾಗಿ ಮಾಡಬೇಕೆಂದವರೇ ಮುಂದಿದ್ದರೆಂದು ಗೋದ್ರೋ ಮತ್ತು ಜೊತೆಗಾರರು 2022ರಲ್ಲಿ ವರದಿ ಮಾಡಿದರು. ಅರೆಬರೆ ಯೋಚನೆಯನ್ನು ನಾಲ್ಕು ಜನರ ಮುಂದೆ ಹೇಳಲು ಹೆದರುವವರ ತಲೆಯಲ್ಲಿ ಹೊಸತು ಹೊಳೆದರೂ ಹೊರಗೆ ಬರುವುದು ಕಷ್ಟ.

ತಪ್ಪು ಕಲ್ಪನೆ 5: ಕೆಲಸ ಮುಂದೂಡುವವರು ಸೋಮಾರಿಗಳು. ಅವರಿಗೂ ಪರಿಪೂರ್ಣತೆಗೂ ಏನು ಸಂಬಂಧ?

ವಾಸ್ತವ: ಪ್ರಾಜೆಕ್ಟ್ ವರದಿಯ ಮೊದಲ ಪುಟವನ್ನೇ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಯ ದಿನದವರೆಗೂ ಅಲ್ಲೇ ಉಳಿದ ವಿದ್ಯಾರ್ಥಿ ಪ್ರತಿ ಕಾಲೇಜಿನಲ್ಲೂ ಸಿಗುತ್ತಾನೆ. ಮನೋವಿಜ್ಞಾನಿ ಫ್ಯೂಷಿಯಾ ಸಿರೋಯಿಸ್ ಮತ್ತು ಸಂಗಡಿಗರು 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ತಪ್ಪಿನ ಚಿಂತೆ ಹೆಚ್ಚಿದಷ್ಟೂ ಮುಂದೂಡುವುದೂ ಹೆಚ್ಚೆಂದು ಕಂಡಿತು. ಮುಗಿಸಿ ಕೊಟ್ಟರೆ ಯಾರೋ ಅಳೆಯುತ್ತಾರೆ, ಮುಗಿಸದಿದ್ದರೆ ಆ ಕ್ಷಣ ದೂರ ಉಳಿಯುತ್ತದೆ. ಇಂಥವನಿಗೆ ‘ಸೋಮಾರಿ’ ಎಂದು ಬೈದರೆ ಭಯ ಇಮ್ಮಡಿಸುತ್ತದೆ. ‘ಮೊದಲು ಹೇಗೋ ಒಂದು ಕರಡು ಬರೆದು ತಾ, ಆಮೇಲೆ ಕೂತು ತಿದ್ದೋಣ’ ಎಂದರೆ ಕೈ ಓಡುತ್ತದೆ.

ತಪ್ಪು ಕಲ್ಪನೆ 6: ಅಂಕ ಚೆನ್ನಾಗಿದೆ, ಶಿಸ್ತಿದೆ. ಮಗು ಚೆನ್ನಾಗಿಯೇ ಇದೆ.

ವಾಸ್ತವ: ನಾವು ಹೆಚ್ಚು ಮೋಸಹೋಗುವುದು ಇಲ್ಲಿಯೇ. ಆಸ್ಟ್ರೇಲಿಯಾದ ಕರ್ಟಿನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ 284 ಅಧ್ಯಯನಗಳನ್ನು ವಿಶ್ಲೇಷಿಸಿದಾಗ ಖಿನ್ನತೆ, ಆತಂಕ, ಆಹಾರ ಸೇವನೆಯ ಕಾಯಿಲೆಗಳು, ಗೀಳು ರೋಗ ಇವೆಲ್ಲದರ ಜೊತೆಗೂ ಪರಿಪೂರ್ಣತೆಯ ಹಟಕ್ಕೆ ನಂಟಿರುವುದು ಕಂಡುಬಂತು. ಸುತ್ತಲಿನವರು ತನ್ನಿಂದ ಪರಿಪೂರ್ಣತೆ ಬೇಡುತ್ತಿದ್ದಾರೆಂಬ ಭಾವ ಬಲವಾಗಿರುವವರಲ್ಲಿ ಬದುಕು ಬೇಡವೆನ್ನುವ ಯೋಚನೆಗಳೂ ಹೆಚ್ಚೆಂದು 2018ರ ಇನ್ನೊಂದು ವಿಶ್ಲೇಷಣೆ ಹೇಳಿತು.

ಹಾಗಿದ್ದೂ ನಮಗೆ ಯಾಕೆ ತಿಳಿಯುವುದಿಲ್ಲ? ತಮ್ಮ ಕೊರತೆಯನ್ನು ಯಾರಿಗೂ ತೋರಗೊಡದಿರುವುದು ಈ ಸ್ವಭಾವದ್ದೇ ಒಂದು ಭಾಗ ಎಂದು ಹೆವಿಟ್ ಮತ್ತು ಫ್ಲೆಟ್ ತಂಡ 2003ರಲ್ಲಿ ವಿವರಿಸಿತು. ಸಹಾಯ ಕೇಳುವುದೂ ಇಂಥವರಿಗೆ ಸೋಲಿನ ಲೆಕ್ಕವೇ. ಅದಕ್ಕೇ ಅಂಕಪಟ್ಟಿಯ ಆಚೆಗೂ ಕಣ್ಣಿರಬೇಕು. ಸಣ್ಣ ತಪ್ಪಿಗೂ ದಿನಗಟ್ಟಲೆ ಕೊರಗುವುದು, ಗೆದ್ದಾಗಲೂ ಖುಷಿಪಡದಿರುವುದು, ಸೋಲುವ ಆಟ ಆಡಲೇ ಒಲ್ಲೆನೆನ್ನುವುದು, ನಿದ್ದೆ ಊಟ ಏರುಪೇರಾಗುವುದು, ಗೆಳೆಯರಿಂದ ದೂರ ಸರಿಯುವುದು ಕಂಡರೆ ಹತ್ತಿರ ಕೂತು ಕೇಳಬೇಕು.

ತಪ್ಪು ಕಲ್ಪನೆ 7: ತಪ್ಪಾದಾಗ ತನ್ನನ್ನು ತಾನು ಬೈದುಕೊಳ್ಳದವನು ಸುಧಾರಿಸುವುದಿಲ್ಲ.

ವಾಸ್ತವ: ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ಇದನ್ನು ಒರೆಗೆ ಹಚ್ಚಿದರು. ಕಠಿಣ ಪರೀಕ್ಷೆಯೊಂದರಲ್ಲಿ ಎಡವಿದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ಇಂಥ ಪರೀಕ್ಷೆ ಯಾರಿಗೂ ಕಷ್ಟವೇ, ನಿಮ್ಮ ಮೇಲೆ ನೀವೇ ಕಠೋರರಾಗಬೇಡಿ ಎಂದು ಹೇಳಲಾಯಿತು. ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದವರು ಅವರೇ. ಆಸ್ಟ್ರೇಲಿಯಾದಲ್ಲಿ 541 ಹದಿಹರೆಯದವರನ್ನೂ 515 ವಯಸ್ಕರನ್ನೂ ಒಳಗೊಂಡ 2018ರ ಅಧ್ಯಯನದಲ್ಲಿ, ತಮ್ಮ ಬಗ್ಗೆ ಕರುಣೆ ಇಟ್ಟುಕೊಂಡವರಲ್ಲಿ ಪರಿಪೂರ್ಣತೆಯ ಹಟಕ್ಕೂ ಖಿನ್ನತೆಗೂ ಇರುವ ನಂಟು ಸಡಿಲವಾಗಿತ್ತು. ಬಿದ್ದ ಗೆಳೆಯನಿಗೆ ಹೇಳುವ ಮಾತನ್ನೇ ತನಗೂ ಹೇಳಿಕೊಳ್ಳಲು ಕಲಿತ ಹುಡುಗಿ ಮತ್ತೆ ಪುಸ್ತಕ ತೆರೆಯುತ್ತಾಳೆ.

ತಪ್ಪು ಕಲ್ಪನೆ 8: ಇದಕ್ಕೆ ಮದ್ದಿಲ್ಲ, ದೊಡ್ಡವರಾದ ಮೇಲೆ ತಾನಾಗಿ ಸರಿಹೋಗಬೇಕು.

ವಾಸ್ತವ: ಬ್ರಿಟನ್ನಿನ ರಾಜ್ ಶಫ್ರಾನ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಮುಂದಿಟ್ಟ ವಿಚಾರದಿಂದ ಇದಕ್ಕೆಂದೇ ಒಂದು ಮಾತಿನ ಚಿಕಿತ್ಸೆ ಬೆಳೆಯಿತು. ಅದರಿಂದ ಹಟವೂ ಇಳಿಯುತ್ತದೆ, ಜೊತೆಗಿರುವ ಆತಂಕ, ಖಿನ್ನತೆಗಳೂ ಇಳಿಯುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಆಪ್ತಸಮಾಲೋಚಕರು ಸಣ್ಣ ಸಣ್ಣ ಪರೀಕ್ಷೆಗಳನ್ನು ಮಾಡಿಸುತ್ತಾರೆ: ಬರೆದ ಇ–ಮೇಲನ್ನು ಒಂದೇ ಸಲ ಓದಿ ಕಳಿಸುವುದು, ಬೇಕೆಂದೇ ಒಂದು ಸಣ್ಣ ತಪ್ಪು ಬಿಟ್ಟು ಏನಾಗುತ್ತದೆಂದು ನೋಡುವುದು. ಅಂದುಕೊಂಡ ಅನಾಹುತ ಆಗುವುದಿಲ್ಲ. ಆ ಅನುಭವವೇ ಭಯವನ್ನು ಸವೆಸುತ್ತದೆ.

ನೆರವು ಬೇಕೆನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆಯ ಕೇಂದ್ರಬಿಂದು ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲೇ ಮಾತಾಡಬಹುದು.

ಮಕ್ಕಳ ಗುರಿಗಳನ್ನು ಕುಗ್ಗಿಸಬೇಕಿಲ್ಲ. ವೈದ್ಯೆಯಾಗಬೇಕೆನ್ನುವವಳು ಆಗಲಿ, ರ್‍ಯಾಂಕ್ ಬೇಕೆನ್ನುವವನು ಓದಲಿ. ಬಿಚ್ಚಬೇಕಾದದ್ದು ಅಂಕಕ್ಕೂ ಪ್ರೀತಿಗೂ ಬಿದ್ದಿರುವ ಗಂಟನ್ನು. ಫಲಿತಾಂಶ ಬರುವ ಮೊದಲೇ, ‘ಏನೇ ಬರಲಿ, ಈ ಮನೆಯಲ್ಲಿ ನಿನ್ನ ಜಾಗ ಬದಲಾಗುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ಅವರಿಗೆ ಅದು ಗೊತ್ತಿದೆ ಎಂದು ನಾವು ಅಂದುಕೊಂಡಿರುತ್ತೇವೆ. ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ.