ಕಾಯಕದ ಕೈ ಕುಂದಿದಾಗ: ಅಂಗವೈಕಲ್ಯ ಸೌಲಭ್ಯಗಳನ್ನು ಪಡೆಯುವ ಬಗೆ

ಕಾಯಕಕ್ಕೆ ಕಾಯವೇ ಮೊದಲ ಸಾಧನ. ದುಡಿದು ಉಣ್ಣುವುದನ್ನೂ ಉಳಿದುದನ್ನು ಸಮಾಜಕ್ಕೆ ಸಲ್ಲಿಸುವುದನ್ನೂ ಬದುಕಿನ ಧರ್ಮವೆಂದು ಬಗೆದ ಪರಂಪರೆ ನಮ್ಮದು. ಹಾಗಿರುವಲ್ಲಿ ದುಡಿಯುವ ಕೈಯೇ ಒಂದು ದಿನ ಯಂತ್ರದ ಬಾಯಿಗೆ ಸಿಲುಕಿದರೆ, ನೋಡುವ ಕಣ್ಣಿಗೆ ಕಬ್ಬಿಣದ ಕಿಡಿ ಹಾರಿದರೆ, ಆ ನೋವು ಒಬ್ಬನ ದೇಹದಲ್ಲಿ ನಿಲ್ಲುವುದಿಲ್ಲ. ಮನೆಯ ಒಲೆಯವರೆಗೂ ಮಕ್ಕಳ ಶಾಲೆಯವರೆಗೂ ಹರಡುತ್ತದೆ. ಗಾಯಕ್ಕೆ ಔಷಧೋಪಚಾರ ಎಷ್ಟು ಅಗತ್ಯವೋ, ಗಾಯದ ನಂತರದ ಬದುಕಿಗೆ ಆಧಾರವೂ ಅಷ್ಟೇ ಅಗತ್ಯ. ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಆ ಆಧಾರದ ಬಗೆಗೆ ವಿಚಾರ ಮಾಡೋಣ.

ಮಂಗಳೂರಿನ ಉತ್ತರಕ್ಕೆ, ಪಣಂಬೂರಿನ ನವಮಂಗಳೂರು ಬಂದರಿಗೂ ಸುರತ್ಕಲ್ಲಿಗೂ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಬದಿಗೆ ಬೈಕಂಪಾಡಿ ಕೈಗಾರಿಕಾ ಪ್ರದೇಶವಿದೆ. ಪ್ಲಾಸ್ಟಿಕ್, ಮೀನು ಸಂಸ್ಕರಣೆ, ಆಹಾರ ತಯಾರಿಕೆ, ಎಂಜಿನಿಯರಿಂಗ್ ಹೀಗೆ ಹಲವು ಬಗೆಯ ಘಟಕಗಳು ಅಲ್ಲಿವೆ. ಕರಾವಳಿಯವರೊಡನೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಮೆ ಅರಸಿ ಬಂದವರೂ ಮಂಗಳೂರಿನಲ್ಲಿ ಬಹಳ ಮಂದಿ. ಅವರಲ್ಲಿ ನಮ್ಮ ಭಕ್ತ ಕುಟುಂಬಗಳವರೂ ಇದ್ದಾರೆ. ಊರಿನಿಂದ ನೂರಾರು ಮೈಲು ದೂರದಲ್ಲಿ ಅಪಘಾತವಾದಾಗ ಬಹುತೇಕರಿಗೆ ತೋಚುವುದು ಒಂದೇ: ಕಟ್ಟು ಬಿಚ್ಚಿದ ಕೂಡಲೇ ಬಸ್ಸು ಹತ್ತಿ ಊರು ಸೇರುವುದು. ಹಾಗೆ ಕಾಗದಪತ್ರವಿಲ್ಲದೆ ಊರು ಸೇರಿದವನು ತನಗೆ ಜೀವನಪರ್ಯಂತ ಸಲ್ಲಬೇಕಾದುದನ್ನು ಬೈಕಂಪಾಡಿಯಲ್ಲಿಯೇ ಬಿಟ್ಟು ಬಂದಿರುತ್ತಾನೆ.

ಎರಡು ದಾರಿ, ಎರಡು ಅಳತೆ

ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಕೆಲಸದ ವೇಳೆ ಅಂಗಹಾನಿಯಾದವರಿಗೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು, ದುಡಿಮೆಯ ಸಂಬಂಧದಿಂದ ಬರುವ ವಿಮೆ, ಅಂದರೆ ಇ.ಎಸ್.ಐ. ಇನ್ನೊಂದು, ಅಪಘಾತ ಎಲ್ಲಿ ಹೇಗೆ ಆಯಿತೆಂಬುದನ್ನು ಕೇಳದೆ ಪ್ರಜೆಯೆಂಬ ಕಾರಣಕ್ಕೆ ಸಿಗುವ ಸೌಲಭ್ಯ. ಅದಕ್ಕೆ ಯು.ಡಿ.ಐ.ಡಿ. ಎಂಬ ವಿಶಿಷ್ಟ ಗುರುತಿನ ಚೀಟಿ ಬೇಕು. ಎರಡರ ವೈದ್ಯಮಂಡಳಿಗಳೂ ಬೇರೆ, ಅಳೆಯುವ ಕೋಲೂ ಬೇರೆ. ಇ.ಎಸ್.ಐ. ಮಂಡಳಿಯು ಗಳಿಸುವ ಸಾಮರ್ಥ್ಯ ಎಷ್ಟು ಕುಂದಿತು ಎಂದು ನೋಡುತ್ತದೆ. ಸರ್ಕಾರಿ ಆಸ್ಪತ್ರೆಯ ಮಂಡಳಿಯು ದೇಹದ ಅಂಗ ಅಥವಾ ಇಂದ್ರಿಯ ಎಷ್ಟು ಊನವಾಯಿತು ಎಂದು ನೋಡುತ್ತದೆ.

ಈ ವ್ಯತ್ಯಾಸ ತಿಳಿಯದೆ ನಿರಾಶರಾದವರು ಹಲವರು. ಗ್ರೈಂಡಿಂಗ್ ಮಾಡುವಾಗ ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋಗಿ, ಇನ್ನೊಂದು ಕಣ್ಣು ಸರಿಯಾಗಿದೆ ಎಂದಿಟ್ಟುಕೊಳ್ಳೋಣ. ಯು.ಡಿ.ಐ.ಡಿ. ಮಾರ್ಗಸೂಚಿಯಂತೆ ಅದು ಶೇ. 30. ಸರ್ಕಾರದ ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಆಗಿರಬೇಕಾದುದರಿಂದ ಮಾಸಾಶನ ದೊರೆಯದು. ಅಷ್ಟಕ್ಕೇ ಆತನು ಕೈಚೆಲ್ಲಬೇಕಾಗಿಲ್ಲ. ಇ.ಎಸ್.ಐ. ಪಟ್ಟಿಯಲ್ಲಿಯೂ ಇಂತಹ ದೃಷ್ಟಿಹಾನಿಗೆ ಶೇ. 30 ಎಂದೇ ಇದೆ. ಆದರೆ ಅಲ್ಲಿ ಶೇ. 40ರ ಗೆರೆಯೇ ಇಲ್ಲ. ಆ ಮೂವತ್ತಕ್ಕೂ ಜೀವನಪರ್ಯಂತ ಹಣ ಸಲ್ಲುತ್ತದೆ. ಒಂದು ಬಾಗಿಲು ಮುಚ್ಚಿದೆಯೆಂದು ಇನ್ನೊಂದನ್ನು ತಟ್ಟದೆ ಇರಬಾರದು.

ಇ.ಎಸ್.ಐ.: ಮೊದಲ ದಿನದ ಎಚ್ಚರ

1948ರ ಕಾಯಿದೆಯಿಂದ ಮೊದಲಾದ ಈ ವಿಮೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಿಗೆ ಅನ್ವಯಿಸುತ್ತದೆ. ತಿಂಗಳ ವೇತನ 21,000 ರೂಪಾಯಿಯವರೆಗೆ ಇರುವವರು, ಅಂಗವಿಕಲ ನೌಕರರಾದರೆ 25,000 ರೂಪಾಯಿಯವರೆಗೆ ಇರುವವರು ಇದರ ವ್ಯಾಪ್ತಿಗೆ ಬರುತ್ತಾರೆ. ವೇತನದ ಶೇ. 0.75ನ್ನು ಕಾರ್ಮಿಕರೂ ಶೇ. 3.25ನ್ನು ಮಾಲೀಕರೂ ಕಟ್ಟುತ್ತಾರೆ. ಗುತ್ತಿಗೆದಾರನ ಮೂಲಕ ಸೇರಿದವರೂ ಇದರಿಂದ ಹೊರಗಲ್ಲ. ಅಪಘಾತದ ಸೌಲಭ್ಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ನಿಬಂಧನೆಯಿಲ್ಲ; ಸೇರಿದ ಮೊದಲ ದಿನವೇ ಗಾಯವಾದರೂ ಹಕ್ಕಿದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಮರಳುವಾಗ ದಾರಿಯಲ್ಲಿ ಆದ ಅಪಘಾತವನ್ನೂ, ಕೆಲಸದೊಡನೆ ಅದರ ಸಂಬಂಧ ಸಿದ್ಧವಾದರೆ, ಕಾನೂನು ಲೆಕ್ಕಕ್ಕೆ ಹಿಡಿಯುತ್ತದೆ.

ಎಲ್ಲವೂ ನಿಂತಿರುವುದು ಒಂದು ಬರವಣಿಗೆಯ ಮೇಲೆ. ಕಾರ್ಖಾನೆಯಲ್ಲಿ ಅಪಘಾತ ಪುಸ್ತಕವೊಂದು ಇರಬೇಕು. ಯಾವ ದಿನ, ಯಾವ ಹೊತ್ತು, ಯಾವ ಯಂತ್ರ, ಯಾವ ಅಂಗ, ಯಾರು ಕಂಡರು ಎಂಬುದು ಅದರಲ್ಲಿ ದಾಖಲಾಗಬೇಕು. ಮಾಲೀಕರು ಇ.ಎಸ್.ಐ. ಶಾಖಾ ಕಚೇರಿಗೆ ಅಪಘಾತ ವರದಿ ಕಳಿಸಬೇಕು. ಆಸ್ಪತ್ರೆಗೆ ಹೋದಾಗ ಗಾಯ ಹೇಗಾಯಿತೆಂದು ವೈದ್ಯರು ಕೇಳುತ್ತಾರೆ. ಯಾರದೋ ಮಾತು ಕೇಳಿ, ಯಾರದೋ ದಾಕ್ಷಿಣ್ಯಕ್ಕೆ ಒಳಗಾಗಿ, ಮನೆಯಲ್ಲಿ ಬಿದ್ದೆ, ರಸ್ತೆಯಲ್ಲಿ ಜಾರಿದೆ ಎಂದು ಹೇಳಿದರೆ ಆ ಒಂದು ಸಾಲು ಮುಂದೆ ಇಡೀ ಬದುಕಿಗೆ ಅಡ್ಡ ನಿಲ್ಲುತ್ತದೆ. ನಡೆದುದನ್ನು ನಡೆದಂತೆಯೇ ಹೇಳಬೇಕು; ವೈದ್ಯರು ಬರೆದುದನ್ನು ಓದಿಸಿ ಕೇಳಬೇಕು; ಚೀಟಿಯ ಪ್ರತಿಯನ್ನು ಇಟ್ಟುಕೊಳ್ಳಬೇಕು. ಗಾಯಗೊಂಡವನು ತಾನೇ ಹೋಗಲಾರದಿದ್ದರೆ ಕೋಣೆಯ ಗೆಳೆಯನಾದರೂ ಆ ದಿನವೇ ಈ ಕೆಲಸ ಮಾಡಬೇಕು. ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲ, ಇದೂ ದಾಸೋಹವೇ.

ಗಾಯದಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ತಾತ್ಕಾಲಿಕ ಅಶಕ್ತತೆಯ ಸೌಲಭ್ಯವುಂಟು. ದಿನದ ಸರಾಸರಿ ವೇತನದ ಶೇ. 90ರಷ್ಟು ಹಣ ಬರುತ್ತದೆ. ಅಶಕ್ತತೆಯು ಅಪಘಾತದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನ ಇರಬೇಕು. ಈ ಅವಧಿಯಲ್ಲಿ ಮಾಲೀಕರು ಕೆಲಸದಿಂದ ತೆಗೆದುಹಾಕುವಂತಿಲ್ಲ. ಗಾಯ ಮಾಗಿದ ಮೇಲೆಯೂ ಊನ ಉಳಿದರೆ ವೈದ್ಯಮಂಡಳಿಯ ಮುಂದೆ ಹಾಜರಾಗಬೇಕು. ಹಲವರು ಎಡವುವುದು ಇಲ್ಲಿಯೇ. ಕೆಲಸಕ್ಕೆ ಯೋಗ್ಯರೆಂಬ ಪ್ರಮಾಣಪತ್ರ ಕೈಗೆ ಬಂದೊಡನೆ ಎಲ್ಲವೂ ಮುಗಿಯಿತೆಂದು ತಿಳಿಯುತ್ತಾರೆ. ವಾಸ್ತವವಾಗಿ ಶಾಶ್ವತ ಅಶಕ್ತತೆಯ ಸೌಲಭ್ಯ ಶುರುವಾಗುವುದು ಅಲ್ಲಿಂದ. ಮಂಡಳಿಗೆ ಕಳಿಸಿಕೊಡಿರೆಂದು ಶಾಖಾ ಕಚೇರಿಗೆ ತಡಮಾಡದೆ ಲಿಖಿತ ಮನವಿ ಕೊಡಬೇಕು.

ಲೆಕ್ಕ ಹೀಗೆ. ದಿನದ ಸರಾಸರಿ ವೇತನ 500 ರೂಪಾಯಿ ಎಂದುಕೊಳ್ಳೋಣ. ಅದರ ಶೇ. 90 ಎಂದರೆ 450 ರೂಪಾಯಿ. ಪವರ್ ಪ್ರೆಸ್ಸಿನಲ್ಲಿ ಹೆಬ್ಬೆರಳು ಹೋದರೆ ಕಾಯಿದೆಯ ಪಟ್ಟಿಯಲ್ಲಿ ಶೇ. 30. 450ರಲ್ಲಿ ಶೇ. 30 ಎಂದರೆ ದಿನಕ್ಕೆ 135 ರೂಪಾಯಿ, ತಿಂಗಳಿಗೆ ಸುಮಾರು 4,050 ರೂಪಾಯಿ. ಒಂದೇ ಕೈಯ ಎರಡು ಬೆರಳು ಹೋದರೆ ಶೇ. 20, ಮೂರಾದರೆ ಶೇ. 30, ನಾಲ್ಕಾದರೆ ಶೇ. 50, ಕೈಯೇ ಹೋದರೆ ಶೇ. 60. ಈ ಹಣವು ಜೀವಿತಾವಧಿಯುದ್ದಕ್ಕೂ ಬರುತ್ತದೆ. ಮತ್ತೆ ಕೆಲಸಕ್ಕೆ ಸೇರಿ ಸಂಬಳ ಪಡೆದರೂ ನಿಲ್ಲುವುದಿಲ್ಲ. ಮಂಡಳಿಯ ತೀರ್ಮಾನ ಸರಿಯಲ್ಲವೆನಿಸಿದರೆ ಮೂರು ತಿಂಗಳೊಳಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಬೆರಳು ಕಣ್ಣುಗಳಿಗೆ ಆಗುವ ಗಾಯವಷ್ಟೇ ಅಲ್ಲ, ವರ್ಷಗಟ್ಟಲೆ ಯಂತ್ರದ ಸದ್ದಿನಲ್ಲಿ ನಿಂತು ಕಿವಿ ಮಂದವಾಗುವುದೂ ಕಾಯಿದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಎದುರಿಗಿದ್ದವರ ಮಾತು ಕೇಳದಾದಾಗ, ರಾತ್ರಿ ಕಿವಿಯೊಳಗೆ ಗುಂಯ್‌ಗುಡುವ ಸದ್ದು ನಿಲ್ಲದಾದಾಗ ಶ್ರವಣ ಪರೀಕ್ಷೆ ಮಾಡಿಸಬೇಕು.

ಇ.ಎಸ್.ಐ. ಇಲ್ಲದವರಿಗೆ

ಸಣ್ಣ ಗ್ಯಾರೇಜು, ಹಮಾಲಿ, ಕಟ್ಟಡದ ಕೆಲಸಗಳಲ್ಲಿ ಇರುವವರಿಗೆ ಈ ವಿಮೆ ಇಲ್ಲದಿರಬಹುದು. ಅಂಥವರಿಗೆ 1923ರ ಕಾಯಿದೆಯಿಂದ ಬಂದ ನೌಕರರ ಪರಿಹಾರದ ಹಕ್ಕಿದೆ. ಪರಿಹಾರ ಕೊಡಬೇಕಾದವರು ಮಾಲೀಕರು. ಅಪಘಾತವಾದ ಎರಡು ವರ್ಷದೊಳಗೆ ಹಕ್ಕುಸಾಧನೆ ಮಾಡಬೇಕು. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿಯೂ ಉಚಿತ ಕಾನೂನು ನೆರವು ನೀಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿಯೂ ಮಾರ್ಗದರ್ಶನ ಕೇಳಬಹುದು. ಭವಿಷ್ಯನಿಧಿ ಕಟ್ಟುತ್ತಿದ್ದವರು ಪೂರ್ಣವಾಗಿ, ಶಾಶ್ವತವಾಗಿ ಅಶಕ್ತರಾದರೆ 1995ರ ಪಿಂಚಣಿ ಯೋಜನೆಯಂತೆ ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಪಿಂಚಣಿಗೆ ಅರ್ಹರು. ಇನ್ನು ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ವಿಮೆಯುಂಟು. ಅಪಘಾತದಲ್ಲಿ ಒಂದು ಕಣ್ಣು ಅಥವಾ ಒಂದು ಕೈ ಇಲ್ಲವೆ ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ, ಎರಡೂ ಹೋದರೆ 2 ಲಕ್ಷ ರೂಪಾಯಿ. ಪಾಸ್‌ಬುಕ್ಕಿನಲ್ಲಿ ಈ ಕಡಿತ ಇದೆಯೇ ಎಂದು ಇಂದೇ ನೋಡಿಕೊಳ್ಳುವುದು ಲೇಸು.

ಯು.ಡಿ.ಐ.ಡಿ. ಚೀಟಿ

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. 1995ರ ಹಳೆಯ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. ಈಗ ಇಪ್ಪತ್ತೊಂದು ಇವೆ. ಕಾಲು ಕೈ ಕಣ್ಣು ಕಿವಿಗಳ ಊನವಲ್ಲದೆ ಬುದ್ಧಿಮಾಂದ್ಯ, ಮಾನಸಿಕ ಅಸ್ವಸ್ಥತೆ, ಆಟಿಸಂ, ಪಾರ್ಕಿನ್ಸನ್, ಹಿಮೋಫಿಲಿಯಾ, ಥಲಸ್ಸೇಮಿಯಾ, ಕುಡಗೋಲು ಕಣ ರೋಗಗಳೂ ಸೇರಿವೆ. ಮನೆಯಲ್ಲಿ ಇಂತಹವರು ಇದ್ದೂ, ಇದು ಅಂಗವೈಕಲ್ಯವಲ್ಲವೆಂದು ಅರ್ಜಿ ಹಾಕದವರು ಗಮನಿಸಬೇಕು.

ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಹಾಕಬೇಕು, ಅದಕ್ಕೆ ಶುಲ್ಕವಿಲ್ಲ. ಆಧಾರ್, ವಿಳಾಸದ ಪುರಾವೆ, ಭಾವಚಿತ್ರ, ಚಿಕಿತ್ಸೆಯ ದಾಖಲೆಗಳು ಬೇಕು. ಊರಿನಿಂದ ಬಂದವರ ಮೊದಲ ಪ್ರಶ್ನೆ, ಆಧಾರ್ ಊರಿನದು, ಇರುವುದು ಮಂಗಳೂರಿನಲ್ಲಿ, ತಪಾಸಣೆ ಎಲ್ಲಿ ಎಂಬುದು. ನಿಯಮವು ಎರಡಕ್ಕೂ ಅವಕಾಶ ಕೊಟ್ಟಿದೆ: ವಿಳಾಸವಿರುವ ಜಿಲ್ಲೆಯ ವೈದ್ಯ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಇಲ್ಲವೆ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಗೆ ಕೊಡಬಹುದು. ಮಂಗಳೂರಿನಲ್ಲಿ ಅದು ವೆನ್ಲಾಕ್ ಜಿಲ್ಲಾ ಆಸ್ಪತ್ರೆ. ಚಿಕಿತ್ಸೆ ಮುಗಿದು ದೇಹಸ್ಥಿತಿ ನೆಲೆಗೊಂಡ ಮೇಲೆಯೇ ಪ್ರಮಾಣವನ್ನು ನಿರ್ಧರಿಸುತ್ತಾರಾದುದರಿಂದ ಹೊಲಿಗೆ ಬಿಚ್ಚಿದ ವಾರವೇ ಹೋಗಿ ಹಿಂದಿರುಗಿ ಬಂದೆನೆಂದು ಬೇಸರಿಸಬಾರದು. ಚೀಟಿಯ ಬಣ್ಣವೇ ಪ್ರಮಾಣವನ್ನು ಹೇಳುತ್ತದೆ: ಶೇ. 40ಕ್ಕಿಂತ ಕಡಿಮೆಯಾದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ. ನಿರ್ಣಯ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಕಾಯಿದೆಯಲ್ಲಿಯೇ ಅವಕಾಶವಿದೆ.

ಚೀಟಿ ದೊರೆತ ಮೇಲೆ ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವ ಬಡ ಕುಟುಂಬದವರು ರಾಜ್ಯ ಸರ್ಕಾರದ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಅಗತ್ಯ. 2021ರಲ್ಲಿ ಕೆಳಗಿನ ಹಂತದ ಮಾಸಾಶನ 600ರಿಂದ 800 ರೂಪಾಯಿಗೆ ಏರಿತು. ಹೆಚ್ಚಿನ ವೈಕಲ್ಯಕ್ಕೆ ಹೆಚ್ಚು. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆಯಿರುವ ಸ್ವೀಕೃತಿಯನ್ನು ತಪ್ಪದೆ ಪಡೆಯಬೇಕು. ಆ ಸಂಖ್ಯೆಯಿದ್ದರೆ ಅರ್ಜಿ ಯಾರ ಮೇಜಿನ ಮೇಲಿದೆ ಎಂದು ಕೇಳುವ ಅಧಿಕಾರ ನಿಮ್ಮದಾಗುತ್ತದೆ. ಬಸ್ ರಿಯಾಯಿತಿ ಪಾಸು, ರೈಲು ರಿಯಾಯಿತಿ, ಕೃತಕ ಅಂಗ ಹಾಗೂ ತ್ರಿಚಕ್ರ ವಾಹನದ ನೆರವು, ಮಕ್ಕಳ ವಿದ್ಯಾರ್ಥಿವೇತನಗಳಿಗೂ ಈ ಚೀಟಿಯೇ ಆಧಾರ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯವುಳ್ಳವರಿಗೆ ನಿರಾಮಯ ಎಂಬ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ.

ಅರ್ಜಿ ತುಂಬಲು ತಿಳಿಯದವರು ದಲ್ಲಾಳಿಗಳ ಬಳಿ ಹೋಗಬೇಕಾಗಿಲ್ಲ. ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ನಗರಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರನ್ನೂ ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೂ ನೇಮಿಸಿದೆ. ಅವರಲ್ಲಿ ಹಲವರು ಸ್ವತಃ ವಿಕಲಚೇತನರು. ಈ ದಾರಿಯನ್ನು ನಡೆದು ಬಲ್ಲವರು. ಸುಳ್ಳು ಪ್ರಮಾಣಪತ್ರ ಮಾಡಿಸಿಕೊಡುತ್ತೇವೆನ್ನುವವರಿಂದ ದೂರವಿರಬೇಕು. ವೈಕಲ್ಯವಿದೆಯೆಂದು ಮೋಸದಿಂದ ಸೌಲಭ್ಯ ಪಡೆದವರಿಗೆ ಎರಡು ವರ್ಷದವರೆಗೆ ಸೆರೆಮನೆ, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ಕಾಯಿದೆ ವಿಧಿಸಿದೆ.

ಮನದ ಗಾಯ

ಕಡೆಯದಾಗಿ, ಕಾಗದದಲ್ಲಿ ಕಾಣದ ಗಾಯವೊಂದಿದೆ. ಇಲ್ಲದ ಬೆರಳು ರಾತ್ರಿ ನೋಯುವುದು ಭ್ರಮೆಯಲ್ಲ. ಅಂಗ ಕಳೆದುಕೊಂಡವರಲ್ಲಿ ಕಾಣುವ, ಚಿಕಿತ್ಸೆಯುಳ್ಳ ನೋವು ಅದು. ನಿದ್ದೆ ಬಾರದಿರುವುದು, ಜನರ ಮುಂದೆ ಕೈಯನ್ನು ಅಂಗಿಯಲ್ಲಿ ಮರೆಸುವುದು, ಊರ ಜಾತ್ರೆಗೂ ಹೋಗದಿರುವುದು ಇವೆಲ್ಲ ಕಂಡರೆ ಮನೆಯವರು ವೈದ್ಯರಿಗೆ ತಿಳಿಸಬೇಕು. ಸರ್ಕಾರದ ನೆರವನ್ನು ಪಡೆಯುವುದು ಭಿಕ್ಷೆಯೆಂದು ನಾಚುವವರು ನಮ್ಮಲ್ಲಿ ಇನ್ನೂ ಇದ್ದಾರೆ. ವಿಮೆಯ ಹಣ ಅವರದೇ ಬೆವರಿನಿಂದ ಕಟ್ಟಿದ್ದು. ಮಾಸಾಶನ ಸಮಾಜವು ತನ್ನ ಸದಸ್ಯನಿಗೆ ಸಲ್ಲಿಸುವ ಋಣ. ಅದನ್ನು ಕೇಳಿ ಪಡೆದು, ಉಳಿದ ಶಕ್ತಿಗೆ ತಕ್ಕ ಕಾಯಕವನ್ನು ಹುಡುಕಿಕೊಂಡವನು ಯಾರ ಮುಂದೆಯೂ ತಲೆ ತಗ್ಗಿಸಬೇಕಾದುದಿಲ್ಲ. ಸದ್ಭಕ್ತರು ತಮ್ಮ ಓಣಿಯಲ್ಲಿ, ತಮ್ಮ ಕಾರ್ಖಾನೆಯಲ್ಲಿ ಇಂತಹವರು ಇದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿ, ಒಂದು ದಿನದ ಮಟ್ಟಿಗೆ ಅವರೊಡನೆ ಕಚೇರಿಗೆ ನಡೆಯಬೇಕೆಂದು ವಿನಂತಿ.