ಮರಿ ಹಾರೋತನಕ ತಡಿಯಪ್ಪ

ಯುಗಾದಿ ರಜೆಗೆ ತುರ್ವಿಹಾಳಕ್ಕೆ ಹೋದಾಗ ನನ್ನ ಪ್ಲ್ಯಾನ್ ಸಿಂಪಲ್ ಆಗಿತ್ತು: ಹಿತ್ತಲಿಗೆ ಸಿಮೆಂಟ್ ಹಾಕಿಸೋದು. ಗೌಂಡಿಗೆ ಅಡ್ವಾನ್ಸ್ ಕೊಟ್ಟಾಗಿತ್ತು. ಅಡ್ಡ ಬಂದ ದಾಳಿಂಬೆ ಗಿಡಕ್ಕೆ ಕೊಡಲಿ ಎತ್ತೋ ಹೊತ್ತಿಗೆ ಅವ್ವ ಕೂಗಿದಳು: "ತಡಿಯಪ್ಪ, ಗೂಡು ಐತಿ. ಮರಿ ಹಾರೋತನಕ ಕಡೀಬ್ಯಾಡ."

ಎಲೆಗಳ ನಡುವೆ ಇಣುಕಿದೆ. ಕಡ್ಡಿ, ನಾರು, ಜೇಡರ ಬಲೆ ಸೇರಿಸಿ ಕಟ್ಟಿದ ಪುಟ್ಟ ಬಟ್ಟಲು. ಒಳಗೆ ನಸುಗುಲಾಬಿ ಬಣ್ಣದ, ಕೆಂಗಂದು ಚುಕ್ಕೆಯ ಮೂರು ಮೊಟ್ಟೆ. ಕರೆಂಟ್ ತಂತಿ ಮೇಲೆ ಕೂತು ನನ್ನನ್ನು ಬೈಯ್ಯುತ್ತಿದ್ದದ್ದು ಪಿಕಳಾರ, ಅಂದ್ರೆ ಬುಲ್‌ಬುಲ್. ಕಪ್ಪು ತಲೆ, ಸಣ್ಣ ಜುಟ್ಟು, ಬಾಲದ ಬುಡದಲ್ಲಿ ಕುಂಕುಮ ಹಚ್ಚಿದಂಥ ಕೆಂಪು.

ಬೆಂಗಳೂರಿನಲ್ಲಿ ನನ್ನ ರೂಮಿನ ಕಿಟಕಿಗೆ ಬರೋದು ಇದರ ಸಂಬಂಧಿ, ಕೆಮ್ಮೀಸೆ ಪಿಕಳಾರ. ಅದಕ್ಕೆ ಚೂಪು ಜುಟ್ಟು, ಕೆನ್ನೆಯಲ್ಲಿ ಕೆಂಪು. ಹಸಿರು, ತಂಪು ಇರೋ ಕಡೆ ವಾಸ. ನಮ್ಮೂರಿನದು ರಾಯಚೂರು ಜಿಲ್ಲೆಯ ಬಿಸಿಲಿಗೂ ಜಗ್ಗದ ಹಕ್ಕಿ. ದಟ್ಟ ಕಾಡು ಬೇಕಿಲ್ಲ. ಕುರುಚಲು ಗಿಡ, ಹೊಲದ ಬದು, ಬೇಲಿ, ಹಿತ್ತಲು ಸಾಕು. ಪಾಕಿಸ್ತಾನದಿಂದ ಮ್ಯಾನ್ಮಾರ್‌ವರೆಗೆ, ಹಿಮಾಲಯದ ತಪ್ಪಲಿನಿಂದ ಶ್ರೀಲಂಕಾವರೆಗೆ ಇದರ ನೆಲೆ.

ತಮಾಷೆ ಏನಂದ್ರೆ, 1766ರಲ್ಲಿ ಲಿನೇಯಸ್ ಇಟ್ಟ ವೈಜ್ಞಾನಿಕ ಹೆಸರಿನಲ್ಲಿರೋ 'ಕೇಫರ್' ಪದ ದಕ್ಷಿಣ ಆಫ್ರಿಕಾವನ್ನು ಸೂಚಿಸುತ್ತದೆ. ಅಲ್ಲಿನ ಮೂಲ ಹಕ್ಕಿಯೇ ಅಲ್ಲ ಇದು! ಡೇಟಾ ಎಂಟ್ರಿ ತಪ್ಪು, 250 ವರ್ಷ ಆದರೂ ಫಿಕ್ಸ್ ಆಗಿಲ್ಲ.

ಊಟದ ವಿಷಯದಲ್ಲಿ ಪಿಕಳಾರಕ್ಕೆ ಹಠ ಇಲ್ಲ. ಬೇವು, ಆಲ, ಅರಳಿಯ ಹಣ್ಣು ಮುಖ್ಯ. ಹೂವಿನ ಎಸಳು, ಮಕರಂದ, ಹುಳು, ಅಪರೂಪಕ್ಕೆ ಹಲ್ಲಿಯೂ ನಡೆಯುತ್ತದೆ. ನಮ್ಮ ಹಾಗೆ ಇದರ ದೇಹವೂ ಸಿ ವಿಟಮಿನ್ ತಯಾರಿಸಿಕೊಳ್ಳಲಾರದು, ತಿನ್ನೋದರಿಂದಲೇ ಸಿಗಬೇಕು. ಮರಿಗಳಿಗೆ ಮೊದಮೊದಲು ಮೆತ್ತನೆಯ ಹುಳುಗಳೇ ಬೇಕು. ತಿಂದ ಹಣ್ಣಿನ ಬೀಜ ಹಿಕ್ಕೆಯಲ್ಲಿ ಬೇರೆಡೆ ಬಿದ್ದು ಮೊಳೆಯುತ್ತದೆ. ಬೇಲಿಯಲ್ಲಿ ಯಾರೂ ನೆಡದ ಬೇವು ಹುಟ್ಟೋದು ಹೀಗೆ.

ಇದೇ ಹಕ್ಕಿ ಬೇರೆ ಕಡೆ ವಿಲನ್. 20ನೇ ಶತಮಾನದ ಆರಂಭದಲ್ಲಿ ಭಾರತೀಯ ಕೂಲಿಕಾರರ ಜೊತೆ ಫಿಜಿ ಸೇರಿತು. 1960ರ ದಶಕದಲ್ಲಿ ಹವಾಯಿಯ ಓಹು ದ್ವೀಪದಲ್ಲಿ ನೆಲೆಯೂರಿ, ಅಲ್ಲಿನ ಆರ್ಕಿಡ್ ಬೆಳೆಗಾರರಿಗೆ ತಲೆನೋವಾಯಿತು. ದ್ವೀಪಗಳಲ್ಲಿ ಹೊರಗಿನಿಂದ ಬಂದ ಕಳೆಗಿಡಗಳ ಬೀಜವನ್ನೂ ಹರಡುತ್ತದೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರೋ ಮೂರೇ ಹಕ್ಕಿಗಳಲ್ಲಿ ಇದೂ ಒಂದು. ಇಲ್ಲಿ ಮಾತ್ರ ಇದು ಮನೆಯ ಹಕ್ಕಿ. ಇಲ್ಲಿನ ಹಣ್ಣು ತಿಂದು ಇಲ್ಲಿನ ಮರ ಬೆಳೆಸುತ್ತದೆ.

ಕೆಲಸ ಮುಂದಕ್ಕೆ ಹಾಕಿ ಬೆಂಗಳೂರಿಗೆ ವಾಪಸ್ ಬಂದೆ. ಗೌಂಡಿಗೆ ಸಿಟ್ಟು, ನನಗೂ ಒಳಗೊಳಗೇ ಸಿಟ್ಟು. ಕಾವು ಕೂರೋದು ಸುಮಾರು ಎರಡು ವಾರ, ಆಮೇಲೆ ಮರಿ ಹಾರಲು ಹೆಚ್ಚುಕಡಿಮೆ ಅಷ್ಟೇ ದಿನ. ಅವ್ವ ದಿನಾ ಫೋನಿನಲ್ಲಿ ವರದಿ ಕೊಟ್ಟಳು. ಒಂದು ಮರಿಯನ್ನು ಕಾಗೆ ಎತ್ತಿಕೊಂಡು ಹೋಯ್ತು, ಎರಡು ಹಾರಿದವು.

ಈಗ ಹಿತ್ತಲಿಗೆ ಸಿಮೆಂಟ್ ಬಿದ್ದಿದೆ, ದಾಳಿಂಬೆ ಬುಡದ ಸುತ್ತ ನಾಲ್ಕಡಿ ಮಣ್ಣು ಬಿಟ್ಟು. ಪಕ್ಕದಲ್ಲಿ ಮಣ್ಣಿನ ತಟ್ಟೆಯಲ್ಲಿ ನೀರು. ನೀವೂ ಗಿಡ ಕಡಿಸೋ ಮುಂಚೆ ಒಮ್ಮೆ ಇಣುಕಿ ನೋಡಿ. ಗೂಡು ಕಂಡರೆ ಮುಟ್ಟಬೇಡಿ, ಒಂದು ತಿಂಗಳು ತಡೀರಿ.

ನಮ್ಮ ಗಿಡ ಮತ್ತೆ ಹೂ ಬಿಟ್ಟಿದೆಯಂತೆ. "ಎಸಳು ತಿಂದು ಹಾಕ್ಯಾವು ನೋಡು ನಿನ್ನ ಹಕ್ಕಿ" ಅಂತ ಅವ್ವ ಬೈಯ್ತಾ ಇದ್ದಳು.